ಅವನು ನುಣ್ಣಗೆ ಮಾಡಿದ ಮುಖ

"ಈ ಹುಡುಗಿ ಯಾರು ಅಂತ ಹೇಳ್ರಿ."

ಸುರೇಖಾ ಪರ್ಸಿನಿಂದ ಫೋಟೋ ತೆಗೆದು ಗಾಜಿನ ಕೌಂಟರಿನ ಮೇಲೆ ಬಡಿದಳು.

ರಾಣೆಬೆನ್ನೂರಿನ ಆ ಸ್ಟುಡಿಯೋದಲ್ಲಿ ಮಧ್ಯಾಹ್ನದ ಹೊತ್ತು ಬೇರೆ ಗಿರಾಕಿಗಳಿರಲಿಲ್ಲ. ಕಂಪ್ಯೂಟರಿನ ಮುಂದೆ ಕುಳಿತಿದ್ದ ಯುವಕ ಎದ್ದು ಬಂದು ಫೋಟೋ ನೋಡಿದ. ಆಮೇಲೆ ಅವಳನ್ನು ನೋಡಿದ.

"ನೀವ ಅಲ್ರಿ?"

"ನಾ ಅಲ್ಲ. ಇಕಿ ನೀವು ಮಾಡಿದ ಹುಡುಗಿ. ನಿನ್ನೆ ಬ್ಯಾಡಗಿಯಿಂದ ನನ್ನ ನೋಡಾಕ ಬಂದಿದ್ರು. ಹುಡುಗನ ತಾಯಿ ಈ ಫೋಟೋ ಕೈಯಾಗ ಹಿಡಕೊಂಡು ನನ್ನ ಮುಖ ನೋಡಿದ್ರು. 'ಫೋಟೋದಾಗಿನ ಹುಡುಗೀನ ಕರೀರಿ' ಅಂದ್ರು. ನನ್ನ ಎದುರಿಗೇ..."

ಅವಳು ಫೋಟೋವನ್ನು ಅವನ ಕಡೆಗೆ ತಳ್ಳಿದಳು.

ಆ ಮನೆಯವರು ಅವಲಕ್ಕಿಯ ತಟ್ಟೆ ಮುಟ್ಟದೆ ಎದ್ದು ಹೋಗಿದ್ದರು. ಅವ್ವ ಅಡುಗೆಮನೆ ಸೇರಿ ಅತ್ತಿದ್ದಳು. ತಮ್ಮ ಬಟ್ಟೆ ಅಂಗಡಿಗೆ ಹೋಗಬೇಕಿದ್ದ ಅಪ್ಪ ಅಂದಾನೆಪ್ಪ ಸಂಜೆಯವರೆಗೂ ಪಡಸಾಲೆಯಲ್ಲೇ ಕುಳಿತಿದ್ದರು. ಸುರೇಖಾ ಮಾತ್ರ ಅತ್ತಿರಲಿಲ್ಲ. ಬೆಳಿಗ್ಗೆ ಶಾಲೆಗೆ ರಜೆ ಹಾಕಿ, ಹಾವೇರಿಯಿಂದ ಬಸ್ ಹಿಡಿದು ನೇರ ಇಲ್ಲಿಗೆ ಬಂದಿದ್ದಳು.

ಹರೆಯದಲ್ಲಿ ಅವಳ ಮುಖದ ತುಂಬ ಮೊಡವೆಗಳಿದ್ದವು. ಅವು ಹೋದ ಮೇಲೆ ಮೂಗಿನ ಮೇಲೂ ಎರಡೂ ಕೆನ್ನೆಗಳ ಮೇಲೂ ಸಣ್ಣ ಸಣ್ಣ ರಂಧ್ರಗಳು ಉಳಿದುಬಿಟ್ಟವು. ದೂರದಿಂದ ಕಾಣುತ್ತಿರಲಿಲ್ಲ. ಹತ್ತಿರ ಬಂದರೆ, ಅದೂ ಬಿಸಿಲು ಓರೆಯಾಗಿ ಬಿದ್ದರೆ, ಕಿತ್ತಳೆ ಸಿಪ್ಪೆಯ ಹಾಗೆ ಕಾಣುತ್ತಿದ್ದವು. ಬಸ್ಸಿನಲ್ಲಿ ಯಾವ ಕಡೆ ಕುಳಿತರೆ ನೆರಳು, ಮದುವೆಮನೆಯಲ್ಲಿ ಯಾವ ಕಂಬದ ಮರೆ... ಇದನ್ನೆಲ್ಲ ಲೆಕ್ಕ ಹಾಕದೆ ಅವಳು ಎಲ್ಲೂ ನಿಲ್ಲುತ್ತಿರಲಿಲ್ಲ.

ಯುವಕ ತಲೆ ತಗ್ಗಿಸಿದ. "ನಿಮ್ಮ ಸೋದರಮಾವಾರು ಫೋಟೋ ತಂದು ಕೊಟ್ಟು ಹೇಳಿದ್ರು ರಿ. ಮದುವಿ ಫೋಟೋ ಐತಿ, ಒಂದೂ ತೂತು ಕಾಣಬಾರ್ದು ಅಂತ. ನಾನ ಮಾಡೇನಿ. ಇಡೀ ಸಂಜಿ ಕುಂತು ಮಾಡೇನಿ."

"ಇಡೀ ಸಂಜಿ?"

"ಮುಖ ಸ್ಕ್ರೀನ್ ತುಂಬ ದೊಡ್ಡದು ಮಾಡಿಕೊಂಡು, ಒಂದೊಂದ ಅಳಿಸ್ಕೋತ ಬರಬೇಕಾಗತೈತ್ರಿ."

ಸುರೇಖಾ ಫೋಟೋವನ್ನು ಬೋರಲು ಹಾಕಿದಳು. ತನ್ನ ಅವ್ವನೂ ಅಷ್ಟು ಹತ್ತಿರದಿಂದ ನೋಡಿರದ ಮುಖವನ್ನು ಗುರುತಿಲ್ಲದ ಈ ಮನುಷ್ಯ ಒಂದು ಸಂಜೆ ಪೂರ್ತಿ ನೋಡಿದ್ದಾನೆ. ಅಡಗಿಸಿಟ್ಟದ್ದೇ ಅವನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿದೆ.

"ತಪ್ಪಾತ್ರಿ," ಎಂದ ಅವನು. "ನನ್ನ ಹೆಸರು ಕೊಟ್ರೇಶ. ರೊಕ್ಕ ಏನೂ ಬ್ಯಾಡ, ಇನ್ನೊಂದು ಫೋಟೋ ತೆಗೀತೇನಿ. ಹೆಂಗದೀರಿ ಹಂಗ. ಅದನ್ನ ನೋಡಿ ಬರಾವ್ರು ಬರ್ಲಿ."

ಹೋಗಿಬಿಡಬೇಕೆಂದು ಅವಳು ಬಾಗಿಲವರೆಗೆ ನಡೆದಳು. ಆದರೆ ನಿನ್ನೆಯ ಮಾತು ಇನ್ನೂ ಕಿವಿಯಲ್ಲಿತ್ತು. ಅವನು ಬಾಗಿಲ ಬೆಳಕಿಗೇ ಕುರ್ಚಿ ತಂದಿಟ್ಟಾಗ ಕುಳಿತುಬಿಟ್ಟಳು.

"ನಗಬೇಕೇನು?"

"ಸಿಟ್ಟು ಬಂದಿದ್ರ ಸಿಟ್ಟೀಲೆ ಇರ್ರಿ. ನನ್ನ ಮ್ಯಾಲೆ ಬಂದಿದ್ದ ಸಿಟ್ಟು, ಫೋಟೋ ಚೊಲೋ ಬರತೈತಿ."

ಅವಳಿಗೆ ಅರಿವಿಲ್ಲದೆ ತುಟಿಯ ಅಂಚು ಅಲುಗಿತು. ಕ್ಯಾಮೆರಾ ಸದ್ದಾಯಿತು. ಅವಳು ತಟ್ಟನೆ ಎದ್ದು, ಹಿಂದೆ ನೋಡದೆ ಹೊರಟುಹೋದಳು.

ಬಸ್ಸಿನಲ್ಲಿ ಊರು ಬರುವವರೆಗೂ ಒಂದೇ ಯೋಚನೆ. 'ಎಲ್ಲಾ ನೋಡ್ಯಾನ... ಒಂದೊಂದನ್ನೂ ನೋಡ್ಯಾನ...'

* * *

ಮುಂದಿನ ವಾರ, ಅಗಡಿಯಲ್ಲಿ ಸುರೇಖಾ ಕಲಿಸುವ ಶಾಲೆಯ ಗೇಟಿನ ಮುಂದೆ ಒಂದು ಬೈಕು ನಿಂತಿತು. ಮಧ್ಯಾಹ್ನದ ಊಟದ ಬಿಡುವು. ಸುರೇಖಾಳ ಸಹೋದ್ಯೋಗಿ, ಗೆಳತಿ ಜಾಹೀದಾ ಕಿಟಕಿಯಿಂದ ಇಣುಕಿ, "ಯಾರೋ ನಿನ್ನ ಕೇಳಾಕತ್ತಾರ ನೋಡ," ಎಂದಳು.

ಕೊಟ್ರೇಶ ಲಕೋಟೆ ಚಾಚಿದ. "ಟೀಚರ್, ಫೋಟೋ ಬಿಟ್ಟು ಹೋಗಿದ್ರಿ. ನಿಮ್ಮ ಮಾವಾರನ್ನ ಕೇಳಿ ಇಲ್ಲಿಗೆ ಬಂದೆ."

ಸುರೇಖಾ ಬೇವಿನ ಮರದ ನೆರಳಿಗೆ ಸರಿದು ಲಕೋಟೆ ಬಿಚ್ಚಿದಳು. ಹೌದು, ಇದು ಅವಳೇ. ಮೂಗಿನ ಮೇಲಿನ ರಂಧ್ರಗಳಿದ್ದವು, ಕೆನ್ನೆಯವೂ ಇದ್ದವು. ಜೊತೆಗೆ ಇನ್ನೇನೋ ಇತ್ತು. ಅರ್ಧ ಸಿಟ್ಟು, ಅರ್ಧ ನಗು. ತನ್ನ ಕಣ್ಣುಗಳು ಇಷ್ಟು ದೊಡ್ಡವೆಂದು ಅವಳಿಗೇ ಗೊತ್ತಿರಲಿಲ್ಲ.

"ಇದರಾಗ ತೂತು ಕಾಣ್ತಾವಲ್ರಿ," ಎಂದಳು, ಪರೀಕ್ಷೆ ಮಾಡುವವಳ ಹಾಗೆ.

"ಕಾಣ್ತಾವ್ರಿ."

ಅಷ್ಟೇ ಅಂದ. 'ಏನೂ ಇಲ್ಲ ಬಿಡು, ನಿನಗ ಹಂಗ ಅನಿಸ್ತೈತಿ' ಎಂದು ಅವ್ವ, ಮಾವ, ಜಾಹೀದಾ ಎಲ್ಲರೂ ಹೇಳುತ್ತ ಬಂದಿದ್ದ ಸುಳ್ಳನ್ನು ಇವನು ಹೇಳಲಿಲ್ಲ. ಯಾಕೋ ಎದೆಯ ಮೇಲಿನ ಭಾರ ಒಂದಿಷ್ಟು ಇಳಿದಂತಾಯಿತು.

ಅಷ್ಟರಲ್ಲಿ ಜಾಹೀದಾ ಹೊರಗೆ ಬಂದು, ಮಕ್ಕಳ ಗುಂಪು ಫೋಟೋ ತೆಗೆದುಕೊಡಲು ಆಗುತ್ತದೆಯೇ ಎಂದು ಕೇಳಿದಳು. ಕೊಟ್ರೇಶ ಒಪ್ಪಿದ. ತೆಗೆಯಲು ಒಮ್ಮೆ ಬಂದ, ಕೊಡಲು ಒಮ್ಮೆ ಬಂದ. ಆಮೇಲೆ ಕಾರಣವಿಲ್ಲದೆಯೂ ಬಂದ. ಹಲಗೇರಿಯಲ್ಲಿ ತಾನೂ ತಾಯಿಯೂ ಇಬ್ಬರೇ ಇರುವುದು, ರಾಣೆಬೆನ್ನೂರಿನ ಮಾಲತೇಶಪ್ಪನವರ ಸ್ಟುಡಿಯೋದಲ್ಲಿ ಕೆಲಸ ಕಲಿತದ್ದು, ಎಂದಾದರೂ ತನ್ನದೇ ಅಂಗಡಿ ಹಾಕಬೇಕೆಂದಿರುವುದು... ಬೇವಿನ ಮರದಡಿ ನಿಂತು ಹೇಳುತ್ತ ಹೋದ. ಸುರೇಖಾ ಕೇಳುತ್ತಿದ್ದಳು. ಅವನು ಒಂದು ಹೆಜ್ಜೆ ಹತ್ತಿರ ಬಂದರೆ ಅವಳು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು.

ಒಂದು ದಿನ ಅವನು ಕೇಳಿಯೇಬಿಟ್ಟ. "ನನ್ನ ಕಂಡ್ರ ಅಂಜಿಕಿ ಏನ್ರಿ, ಟೀಚರ್?"

"ಇಲ್ಲ..."

'ನಿನ್ನ ಕಂಡ್ರ ಅಲ್ಲ. ನೀ ನನ್ನ ಕಂಡ್ರ ಅಂಜಿಕಿ,' ಎಂದು ಮನಸ್ಸು ಹೇಳಿತು.

ಅವನ ಮೇಲೆ ಮನಸ್ಸಾದಷ್ಟೂ ಅವಳಿಗೆ ನೆಮ್ಮದಿ ಕಡಿಮೆಯಾಯಿತು. ಕನ್ನಡಿಯ ಮುಂದಿನಿಂದ ಎದ್ದು ಹೋಗುವಳು, ಮತ್ತೆ ಬಂದು ನಿಲ್ಲುವಳು. ಫೋಟೋದಲ್ಲಿ ನೋಡಿದ್ದು ಬೇರೆ. ನಾಳೆ ಮದುವೆ ಅಂತ ಆದರೆ, ಬೆಳಗ್ಗೆ ಎದ್ದ ಕೂಡಲೇ ಪಕ್ಕದಲ್ಲಿ ಈ ಮುಖ, ದಿನಾ ಈ ಮುಖ... ಆಗಲೂ ಅವನು 'ಕಾಣ್ತಾವ್ರಿ' ಎಂದು ಸುಮ್ಮನಿರುತ್ತಾನೆಯೇ?

ಮುಲ್ತಾನಿ ಮಿಟ್ಟಿ ಹಚ್ಚಿದಳು. ಐಸು ತಿಕ್ಕಿದಳು. ಲಿಂಬೆಹಣ್ಣು ಉಜ್ಜಿ, ಉರಿ ತಾಳಲಾರದೆ ಬಚ್ಚಲಲ್ಲಿ ಕುಳಿತಳು. ಕೊನೆಗೆ ಹಾವೇರಿಯ ಫ್ಯಾನ್ಸಿ ಅಂಗಡಿಯೊಂದರಲ್ಲಿ ಹೆಸರಿಲ್ಲದ ಒಂದು ಕ್ರೀಮಿನ ಡಬ್ಬಿ ಸಿಕ್ಕಿತು. "ಇದನ್ನ ಹಚ್ಚಿದ್ರ ತೂತು ಮುಚ್ಚೇ ಹೋಗ್ತಾವ್ರಿ ಅಕ್ಕಾರ," ಎಂದಿದ್ದ ಅಂಗಡಿಯವ.

ಆಶ್ಚರ್ಯವೆಂದರೆ, ಕೆಲವೇ ದಿನಗಳಲ್ಲಿ ಮುಖ ನುಣುಪಾಯಿತು. ಬಣ್ಣವೂ ತಿಳಿಯಾಯಿತು. ಮೊದಲ ಸಲ ಅವಳು ಬಸ್ಸಿನಲ್ಲಿ ಬಿಸಿಲಿನ ಕಡೆಗೇ ಕುಳಿತು ಹೋದಳು. ಅವತ್ತು ಕೊಟ್ರೇಶ ಬಂದಾಗ ಹಿಂದೆ ಸರಿಯಲಿಲ್ಲ.

ಅವನು ಅವಳನ್ನು ನೋಡಿ ಹುಬ್ಬು ಗಂಟಿಕ್ಕಿದ. "ಆರಾಮ ಇಲ್ಲೇನ್ರಿ? ಮುಖ ಯಾಕೋ ಕೆಂಪಗಾಗೈತಿ."

ಹೂವಿನ ಹಾಗೆ ಅರಳಿದ್ದ ಮನಸ್ಸು ಮುದುಡಿತು. "ಏನಿಲ್ಲ. ಬಿಸಲಾಗ ಬಂದೇನಿ," ಎಂದು ಒಳಗೆ ಹೋಗಿಬಿಟ್ಟಳು. ಆ ದಿನದಿಂದ ಕ್ರೀಮನ್ನು ಇನ್ನೂ ದಪ್ಪಗೆ ಹಚ್ಚತೊಡಗಿದಳು.

* * *

"ಸುರೇಖಾ, ಒಂದು ಮಾತು ಹೇಳ್ತೇನಿ. ಸಿಟ್ಟಾಗಬ್ಯಾಡ," ಎಂದಳು ಜಾಹೀದಾ. ರಜೆಗೆ ರಾಣೆಬೆನ್ನೂರಿನ ತವರಿಗೆ ಹೋಗಿ ಬಂದಿದ್ದಳು. "ಸ್ಟುಡಿಯೋದ ಶೋಕೇಸಿನಾಗ ನಿನ್ನ ಫೋಟೋ ಹಾಕ್ಯಾರ."

"ನಂದಾ?"

"ಎರಡು ಹಾಕ್ಯಾರ. ಬಾಜೂಕ ಬಾಜೂಕ. ನೀನ ಹೋಗಿ ನೋಡು."

ಶಾಲೆ ಬಿಟ್ಟ ಕೂಡಲೇ ಸುರೇಖಾ ಬಸ್ ಹತ್ತಿದಳು. ರಸ್ತೆಯ ಈಚೆ ಬದಿಯಿಂದಲೇ ಕಂಡಿತು. ಬಾಗಿಲ ಬೆಳಕಲ್ಲಿ ತೆಗೆದ ಆ ಚಿತ್ರದ ಕೆಳಗೆ 'ಮೊದಲು'. ನುಣ್ಣಗೆ ಮಾಡಿದ ಚಿತ್ರದ ಕೆಳಗೆ 'ಆಮೇಲೆ'. ಎರಡಕ್ಕೂ ಸೇರಿಸಿ ಕೆಂಪಕ್ಷರದಲ್ಲಿ, 'ಮುಖದ ತೂತು, ಕಲೆ ಮಾಯ. ಕಂಪ್ಯೂಟರ್ ಫೋಟೋ ಇಲ್ಲಿ ಮಾತ್ರ.'

ಇಬ್ಬರು ಕಾಲೇಜು ಹುಡುಗಿಯರು ಗಾಜಿನ ಮುಂದೆ ನಿಂತಿದ್ದರು. ಒಬ್ಬಳು 'ಮೊದಲು' ಚಿತ್ರದ ಕೆನ್ನೆಗೆ ಬೆರಳು ತೋರಿಸಿ ಏನೋ ಅಂದಳು. ಇನ್ನೊಬ್ಬಳು ಬಾಯಿಗೆ ಕೈಯಿಟ್ಟು ನಕ್ಕಳು.

ಸುರೇಖಾ ರಸ್ತೆ ದಾಟಲಿಲ್ಲ. ಸೆರಗನ್ನು ಮುಖಕ್ಕೆ ಎಳೆದುಕೊಂಡು ತಿರುಗಿದಳು.

'ಇದಕ್ಕ ತೆಗೆದದ್ದು ಅದನ್ನ? ಇದಕ್ಕ ಬರ್ತಿದ್ದಾ ಅಗಡಿಗೆ?'

ಕೊಟ್ರೇಶ ಆಗ ಹೊಸರಿತ್ತಿಯಲ್ಲಿ ಒಂದು ಮದುವೆಯ ವಿಡಿಯೋ ತೆಗೆಯುತ್ತಿದ್ದ. ಅವನಿಗೆ ಇದಾವುದೂ ಗೊತ್ತಿರಲಿಲ್ಲವೆಂಬುದು ಸುರೇಖಾಳಿಗೆ ಗೊತ್ತಿರಲಿಲ್ಲ.

ಹಿಂದಿರುಗಿದ ಮೇಲೆ ಅವನು ಜಾಹೀದಾಳ ಮೊಬೈಲಿಗೆ ಫೋನ್ ಮಾಡಿದ. ಸುರೇಖಾ ಮಾತಾಡಲಿಲ್ಲ. ಶಾಲೆಗೇ ಬಂದ. ಅವಳು ತರಗತಿಯ ಬಾಗಿಲು ಹಾಕಿಕೊಂಡು ಮಗ್ಗಿ ಹೇಳಿಸುತ್ತ ಕುಳಿತಳು. ಮಕ್ಕಳ ದನಿ ಇಳಿದಾಗಲೆಲ್ಲ "ಜೋರಾಗಿ ಹೇಳ್ರಿ" ಅನ್ನುತ್ತಿದ್ದಳು.

"ಆಕಿಗೆ ನಿಮ್ಮ ಮುಖಾ ನೋಡೂದು ಬ್ಯಾಡಂತ್ರಿ," ಎಂದು ಜಾಹೀದಾ ಗೇಟಿನ ಹತ್ತಿರ ಹೋಗಿ ಹೇಳಿದಳು.

ಅವನು ಬಹಳ ಹೊತ್ತು ಬೇವಿನ ಮರದಡಿ ನಿಂತಿದ್ದು ಹೊರಟುಹೋದ. ಆಮೇಲೆ ಬರಲಿಲ್ಲ.

ಅವನು ಬರಬಾರದೆಂದು ಅವಳೇ ಹೇಳಿ ಕಳಿಸಿದ್ದಳು. ಆದರೂ ಪ್ರತಿ ಬೈಕಿನ ಸದ್ದಿಗೆ ಅವಳ ಕೈಯ ಸೀಮೆಸುಣ್ಣ ಕರಿಹಲಗೆಯ ಮೇಲೆ ನಿಂತುಬಿಡುತ್ತಿತ್ತು.

* * *

ಒಂದು ಬೆಳಿಗ್ಗೆ ಅವಳಿಗೆ ಕಣ್ಣು ಬಿಡಲಾಗಲಿಲ್ಲ. ಮುಖ ಊದಿತ್ತು. ಕೆನ್ನೆಯ ಚರ್ಮ ಕೆಂಡದಂತೆ ಕೆಂಪಾಗಿ, ಅಲ್ಲಲ್ಲಿ ಸುಲಿದು, ಕೀವುಗುಳ್ಳೆಗಳು ಎದ್ದಿದ್ದವು. ಅಂದಾನೆಪ್ಪ ಅಂಗಡಿ ತೆರೆಯದೆ ಮಗಳನ್ನು ಹಾವೇರಿಯಲ್ಲೇ ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದರು.

ಡಾಕ್ಟರಮ್ಮ ಡಬ್ಬಿಯನ್ನು ಮೂಸಿ ನೋಡಿ ಕೆಳಗಿಟ್ಟರು.

"ಇದರಾಗ ಸ್ಟಿರಾಯ್ಡ್ ಇದ್ದಂಗೈತಿ. ಮೊದ್ಲು ಚಂದ ಕಾಣ್ತೈತಿ, ಆಮೇಲೆ ಚರ್ಮ ತೆಳ್ಳಗಾಗಿ ಹಿಂಗ ಆಗ್ತೈತಿ. ಯಾಕ ಹಚ್ಚಿದ್ರಿ?"

"ತೂತು ಮುಚ್ಚತಾವ ಅಂದ್ರು..."

"ಅವು ಮುಚ್ಚೂವಲ್ಲ ತಂಗಿ. ಚರ್ಮದ ಎಣ್ಣಿ ಹೊರಗ ಬರೂ ದಾರಿ ಅವು, ಎಲ್ಲಾರಿಗೂ ಇರ್ತಾವ. ನಿಮಗ ಸ್ವಲ್ಪ ದೊಡ್ಡು ಅದಾವ, ಅಷ್ಟ. ಸಣ್ಣ ಕಾಣೂಹಂಗ ಮಾಡಬಹುದು. ಪೂರಾ ಹೋಗಂಗಿಲ್ಲ. ಮೊದ್ಲು ಈ ಗಾಯ ಮಾಯಲಿ. ಆಮೇಲೆ ನಾ ಬರದ ಔಷಧ ಹಚ್ಚೀರಂತ. ಚಿವುಟೂದು, ತಿಕ್ಕೂದು, ಲಿಂಬಿಹಣ್ಣು, ಎಲ್ಲಾ ಬಂದ್. ಬಿಸಲಾಗ, ಧೂಳಿನಾಗ ಅಡ್ಡಾಡಬ್ಯಾಡ್ರಿ."

ಹೊರಗಿನ ಬೆಂಚಿನ ಮೇಲೆ ಅಪ್ಪ ಅವಳ ಪಕ್ಕ ಕುಳಿತರು. ಆಮೇಲೆ ಕೇಳಿದರು.

"ಯಾರ ಸಲುವಾಗಿ ಹಚ್ಚಿದಿ, ಯವ್ವಾ? ಆ ಬ್ಯಾಡಗಿಯವರ ಸಲುವಾಗಿ ಏನು?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕಣ್ಣೀರು ಹರಿದು ಸುಲಿದ ಚರ್ಮದ ಮೇಲೆ ಚುರುಚುರು ಅಂದಿತು. ಅಳುತ್ತಲೇ ಎಲ್ಲ ಹೇಳಿದಳು. ಸ್ಟುಡಿಯೋ, ಬೇವಿನ ಮರ, ಶೋಕೇಸು. ಅವನ ಹೆಸರನ್ನು ಮಾತ್ರ ಕೊನೆಗೆ ಹೇಳಿದಳು.

"ಆ ಫೋಟೋ ನೀನ ಹಾಕಿದೇನು ಅಂತ ಆ ಹುಡುಗನ್ನ ಕೇಳಿದಿ?"

"ಇಲ್ಲ."

"ಕೇಳದ ಹೆಂಗ ತಿಳೀತು?"

"ಕೇಳಾಕ... ಅವನ ಎದುರಿಗೆ ನಿಲ್ಲಬೇಕಲ್ಲಪಾ."

ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟರು. "ಹೋಗಿ ಕೇಳು. ಖರೇ ಅವನ ಹಾಕಿದ್ದ ಅಂದ್ರ ಅವನ ವಿಚಾರ ಅಲ್ಲೇ ಬಿಟ್ಟು ಬಾ. ಹಾಕಿಲ್ಲ ಅಂದ್ರ, ನನಗ ಬಂದು ಹೇಳು."

* * *

ಊತ ಒಂದಿಷ್ಟು ಇಳಿದು ಕಣ್ಣು ಪೂರ್ತಿ ತೆರೆದ ದಿನವೇ ಅವಳು ರಾಣೆಬೆನ್ನೂರಿಗೆ ಹೋದಳು. ಶೋಕೇಸಿನಲ್ಲಿ ಈಗ ಯಾರದೋ ಮಗುವಿನ ಚಿತ್ರವಿತ್ತು. ಒಳಗೆ ಮಾಲತೇಶಪ್ಪ ಒಬ್ಬರೇ ಕುಳಿತಿದ್ದರು. ಅವಳ ಮುಖ ನೋಡಿ ಗಾಬರಿಯಾದರು. ಗುರುತು ಹಿಡಿಯಲು ಹೊತ್ತು ಬೇಕಾಯಿತು.

"ನನ್ನ ಫೋಟೋ ಶೋಕೇಸಿನಾಗ ಹಾಕಿದ್ದು ಯಾರ್ರಿ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಾನ ಹಾಕಿದ್ದವ್ವಾ. ಕಂಪ್ಯೂಟರಿನಾಗ ಇದ್ವು, ಅಂಗಡಿಗೆ ನಾಕು ಮಂದಿ ಬರ್ಲಿ ಅಂತ ಹಾಕಿದೆ. ಅಂವ ಹೊಸರಿತ್ತಿಗೆ ಹೋಗಿದ್ದ. ಬಂದಾಂವ ನೋಡಿ, ಚೀಲಾನೂ ಕೆಳಗ ಇಡಲಿಲ್ಲ, ಎರಡೂ ಕಿತ್ತ. 'ಆಕಿನ್ನ ಕೇಳಿದ್ರೇನು' ಅಂದ. ಎಂದೂ ನನಗ ಎದುರು ಮಾತಾಡಿದಾಂವ ಅಲ್ಲ. ಅವತ್ತ ಕೆಲಸ ಬಿಟ್ಟು ಹೋದ. ನಂದ ತಪ್ಪು. ಮಾಫ್ ಮಾಡವ್ವಾ."

ಸುರೇಖಾ ಕೌಂಟರನ್ನು ಹಿಡಿದುಕೊಂಡಳು. "ಈಗ ಎಲ್ಲಿ ಅದಾರ್ರಿ?"

"ಬ್ಯಾಡಗ್ಯಾಗ. ಬಸ್ ಸ್ಟ್ಯಾಂಡ್ ಬಾಜೂ ಒಂದು ಸಣ್ಣ ಅಂಗಡಿ ಹಿಡದಾನಂತ."

ಅವಳು ಅಲ್ಲಿಂದ ಹಾವೇರಿಗೆ ಮರಳಿ, ಅಂಗಡಿಯಲ್ಲಿ ಬಟ್ಟೆ ಮಡಚುತ್ತಿದ್ದ ಅಪ್ಪನ ಮುಂದೆ ನಿಂತಳು. "ಅಂವ ಹಾಕಿಲ್ಲಪಾ. ಈಗ ಬ್ಯಾಡಗ್ಯಾಗ ಅದಾನಂತ," ಎಂದಳು. ಅಪ್ಪ ತಲೆ ಎತ್ತಿ ನೋಡಿದರು. "ಮುಖಕ್ಕ ವಸ್ತ್ರ ಕಟಕೊಂಡು ಹೋಗು," ಎಂದಷ್ಟೇ ಹೇಳಿದರು.

ಮರುದಿನ ಬೆಳಿಗ್ಗೆ ಅವಳು ಬ್ಯಾಡಗಿಯ ಬಸ್ಸಿನಲ್ಲಿದ್ದಳು.

ಮೆಣಸಿನಕಾಯಿ ಸುಗ್ಗಿ. ಪೇಟೆಯ ದಿನ ಬೇರೆ. ಊರಿನ ಒಳಗೆ ಬಸ್ಸು ತಿರುಗುತ್ತಿದ್ದಂತೆಯೇ ಜನ ಸೀನತೊಡಗಿದರು. ಚೀಲ ತುಂಬಿದ ಗಾಡಿಗಳು, ಟ್ರ್ಯಾಕ್ಟರುಗಳು ರಸ್ತೆ ತುಂಬ ನಿಂತಿದ್ದವು. ಗಾಳಿಯೇ ಘಾಟು. ವಸ್ತ್ರದ ಒಳಗೂ ನುಗ್ಗಿದ ಖಾರದ ಧೂಳು ಅವಳ ಹಸಿ ಚರ್ಮಕ್ಕೆ ಬೆಂಕಿಯ ಹಾಗೆ ಹತ್ತಿತು. ಕಣ್ಣು ಕಾಣದಾಯಿತು. ಇಳಿದ ಬಸ್ಸನ್ನೇ ಮತ್ತೆ ಹತ್ತಿ ವಾಪಸ್ ಹೋಗಬಹುದಿತ್ತು. ಕೈಯನ್ನು ಗೋಡೆಗೆ ಹಿಡಿದು ನಡೆದಳು.

ಒಂದು ಕಿರಿದಾದ ಅಂಗಡಿ. ಒಳಗೆ ನೀಲಿ ಪರದೆ. ಅದರ ಮುಂದೆ ಒಬ್ಬ ಮುದುಕನಿಗೆ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತಿದ್ದವನು ತಿರುಗಿ ನೋಡಿದ.

ಸುರೇಖಾ ವಸ್ತ್ರ ಬಿಚ್ಚಿದಳು.

ಊದಿದ, ಸುಲಿದ, ಕಲೆಗಟ್ಟಿದ ಮುಖ. ತನಗೇ ಕನ್ನಡಿಯಲ್ಲಿ ನೋಡಲು ಧೈರ್ಯವಾಗದ ಮುಖ. ಅದನ್ನು ಅವನ ಎದುರಿಗೆ ಎತ್ತಿ ಹಿಡಿದು ನಿಂತಳು.

ಕೊಟ್ರೇಶ ಕ್ಯಾಮೆರಾ ಕೆಳಗಿಟ್ಟ. ಮೂಲೆಯ ಕೊಡದಿಂದ ತಂಬಿಗೆಯಲ್ಲಿ ನೀರು ತಂದ. "ತೊಳಕೊಳ್ರಿ ಮೊದಲ. ತಿಕ್ಕಬ್ಯಾಡ್ರಿ, ಬರೇ ನೀರು ಹಾಕ್ರಿ."

ಮುದುಕ ತಾನಾಗಿಯೇ ಎದ್ದು, "ನಾ ಚಾ ಕುಡದು ಬರ್ತೇನಿ ತಗೋ," ಎಂದು ಹೊರಗೆ ಹೋದ.

ತಂಬಿಗೆಯ ನೀರು ಮುಗಿದು ಇನ್ನೊಂದು ತಂದ. ಅವಳು ಬಾಗಿ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಳು. ಅವನು ಅವಳ ಬೊಗಸೆಗೆ ಸುರಿಯುತ್ತಿದ್ದ.

"ಉರೀತೈತೇನ್ರಿ?"

"ಉರೀತೈತಿ."

"ಇಂಥಾ ಗಾಳ್ಯಾಗ ಯಾಕ ಬಂದ್ರಿ?"

"ನೀವು ಬರಲಿಲ್ಲಲ್ಲ."

ಅವನು ತಂಬಿಗೆ ಕೆಳಗಿಟ್ಟ. "ನನ್ನ ಮುಖಾ ನೋಡೂದು ಬ್ಯಾಡ ಅಂದ್ರಿ. ನಂದೂ ತಪ್ಪಿತ್ತು. ನಿಮ್ಮ ಫೋಟೋ ಆ ಕಂಪ್ಯೂಟರಿನಾಗ ಇಟ್ಟಾಂವ ನಾನ. ತೆಗೆದು ಹಾಕಬೇಕಾಗಿತ್ತು, ಮನಸಾಗಲಿಲ್ಲ. ದಿನಾ ಕೆಲಸ ಮುಗದ ಮ್ಯಾಲೆ ಒಮ್ಮೆ ತೆಗೆದು ನೋಡತಿದ್ದೆ. ಅಷ್ಟ ಆಸಿ ಇಟಕೊಂಡಾಂವಗ ನಿಮ್ಮ ಎದುರು ಬಂದು ಏನು ಹೇಳಬೇಕಂತ ತಿಳೀಲಿಲ್ಲ."

"ಯಾವ ಫೋಟೋ ನೋಡತಿದ್ರಿ?"

"ಬಾಗಿಲದಾಗ ಕುಂತು ಸಿಟ್ಟು ಮಾಡಿದ್ರಲ್ಲ... ಅದು."

ಇಷ್ಟು ದಿನ ಅವಳ ಎದೆಯೊಳಗೆ ಕುಳಿತುಕೊಳ್ಳದೆ, ನಿಲ್ಲದೆ ಓಡಾಡುತ್ತಿದ್ದದ್ದು ಒಮ್ಮೆಲೇ ಸುಮ್ಮನಾಯಿತು.

"ಆ ಮುಖಾನೂ ಈಗ ಇಲ್ಲ ನೋಡ್ರಿ," ಎಂದಳು. "ನಿಮ್ಮ ಕಣ್ಣಿಗೆ ಚಂದ ಕಾಣಬೇಕಂತ ಏನೇನೋ ಹಚ್ಚಿ ಹಿಂಗ ಮಾಡ್ಕೊಂಡೆ. ಗಾಯ ಮಾಯತಾವಂತ. ತೂತು ಮಾತ್ರ ಪೂರಾ ಹೋಗಂಗಿಲ್ಲಂತ. ಡಾಕ್ಟರು ಹೇಳ್ಯಾರ. ಮೊದಲ ಹೇಳಿಬಿಡ್ತೇನಿ."

"ಸುರೇಖಾ..." ಅವನು ಮೊದಲ ಸಲ ಹೆಸರು ಹಿಡಿದು ಕರೆದ. "ಹೋಗ್ಲಿ ಬಿಡ್ಲಿ, ನನಗೇನೂ ಆಗಬೇಕಾಗಿಲ್ಲ. ನಿನಗ ತ್ರಾಸ ಆಗಬಾರ್ದು, ಅಷ್ಟ. ನೀ ನನ್ನ ಹತ್ರ ಇರಬೇಕು. ನನಗ ಮತ್ತೇನೂ ಹೇಳಾಕ ಬರಂಗಿಲ್ಲ."

ಅವಳು ಒದ್ದೆ ಮುಖವನ್ನು ಸೆರಗಿನಿಂದ ಮೆಲ್ಲಗೆ ಒತ್ತಿಕೊಂಡಳು. ಹೊರಗೆ ಯಾರೋ ಸೀನುತ್ತಿದ್ದರು. ಟ್ರ್ಯಾಕ್ಟರ್ ಒಂದು ದಾರಿ ಬಿಡಿಸಿಕೊಳ್ಳಲು ಹಾರ್ನ್ ಬಾರಿಸುತ್ತಲೇ ಇತ್ತು.

"ಅಪ್ಪಗ ಹೇಳೇ ಬಂದೇನಿ," ಎಂದಳು ಮೆಲುದನಿಯಲ್ಲಿ.

"ನಾಳೆ ಅವ್ವನ್ನ ಕರಕೊಂಡು ನಿಮ್ಮ ಮನಿಗೆ ಬರ್ಲೇನು?"

"ನಾಳೆನಾ? ಮುಖ ಒಂದೀಟು ಆರಾಮ ಆಗ್ಲಿ. ನಿಮ್ಮವ್ವ ಇದನ್ನ ನೋಡಿ ಏನಂದಾರು?"

"ಊಟ ಆತೇನವ್ವಾ ಅಂತಾಳ. ಯಾರನ್ನ ನೋಡಿದ್ರೂ ಆಕಿ ಮೊದಲ ಕೇಳೂದು ಅದನ್ನ."

ಸುರೇಖಾ ನಕ್ಕಳು. ನಕ್ಕರೆ ಕೆನ್ನೆ ಚುರುಗುಟ್ಟುತ್ತಿತ್ತು. ಆದರೂ ನಕ್ಕಳು.

"ಹಂಗಾರ ಬರ್ರಿ, ನಾಳೇನ ಬರ್ರಿ. ಅವ್ವಗ ಅಡಗಿ ಮಾಡಾಕ ಹೇಳ್ತೇನಿ."

"ಈಗ ನಿನ್ನ ಊಟ ಆಗೈತೇನು?"

"ಇಲ್ಲ. ಮುಂಜಾನಿಂದ ಏನೂ ತಿಂದಿಲ್ಲ."

ಅವನು ಮೂಲೆಯಲ್ಲಿದ್ದ ಬುತ್ತಿಯ ಗಂಟು ತಂದು ಅವಳ ಮುಂದೆ ಬಿಚ್ಚಿದ. ರೊಟ್ಟಿ, ಹೆಸರುಕಾಳು ಪಲ್ಯ, ಮೊಸರು.

"ನಿಮಗ?" ಎಂದಳು ಅವಳು.

"ಇಬ್ಬರಿಗೂ ಆಗತೈತಿ. ಕುಂದ್ರು."